ಮಡಿಕೇರಿಯ ಮಳೆಗಾಲದಲ್ಲಿ ಸೆಲೆನಿಯಂ ಗಾಜಿನ ಡಿಎಸ್‌ಸಿ ಅಳತೆ

ಡಿಎಸ್‌ಸಿ ಎಂದರೆ ಮಾದರಿಯನ್ನು ಬಿಸಿಮಾಡುತ್ತಾ ಅದು ಎಷ್ಟು ಶಾಖ ಹೀರುತ್ತದೆಂದು ಅಳೆಯುವ ಯಂತ್ರ; ಗಾಜು ಮೆದುವಾಗುವಲ್ಲಿ ಅದರ ಗೆರೆ ಮೆಟ್ಟಿಲಿನಂತೆ ಏರುತ್ತದೆ. ಸೆಲೆನಿಯಂ ಗಾಜು 40–45 ಡಿಗ್ರಿ ಆಸುಪಾಸಿನಲ್ಲೇ ಮೆದುವಾಗತೊಡಗುತ್ತದೆ. ಹಾಗಾಗಿ ಕಪಾಟಿನಲ್ಲಿ ಸುಮ್ಮನೆ ಇಟ್ಟರೂ ಅದರ ಒಳರಚನೆ ಬದಲಾಗುತ್ತಲೇ ಇರುತ್ತದೆ. ಏಪ್ರಿಲ್‌ನ ಕುಶಾಲನಗರದ ಸೆಕೆಯಲ್ಲಿ ಬೇಗ, ಜುಲೈನ ಮಡಿಕೇರಿಯ ಥಂಡಿಯಲ್ಲಿ ನಿಧಾನ. ಈ ಹಳೆಯ ಛಾಪು ಅಳಿಸದೆ ಅಳೆಯಬೇಡಿ.

ಒಂದು ಮಗ್ಗುಲು ಚಪ್ಪಟೆಯಾದ, 10 ಮಿಲಿಗ್ರಾಂ ತೂಗುವ ಚೂರು ಆರಿಸಿ. ಪುಡಿ ಬೇಡ, ಪುಡಿಯ ಮೈಮೇಲೆ ಸ್ಫಟಿಕ ಬೇಗ ಹುಟ್ಟುತ್ತದೆ. ಬೆಳಕೂ ಅದಕ್ಕೆ ಕುಮ್ಮಕ್ಕು, ಆದ್ದರಿಂದ ಕಂದು ಬಾಟಲಿಯಲ್ಲಿಡಿ. ಸೆಲೆನಿಯಂ ವಿಷ, ಕೈಗವಸು ಬೇಕೇ ಬೇಕು. ಯಂತ್ರದೊಳಗೆ ಇಡುವ ಪುಟ್ಟ ಅಲ್ಯೂಮಿನಿಯಂ ಬಟ್ಟಲಿಗೆ, ಅಂದರೆ ಪ್ಯಾನ್‌ಗೆ ಹಾಕಿ ಗಾಳಿಯಾಡದಂತೆ ಮುಚ್ಚಿ. ತಳ ಉಬ್ಬಿದ ಪ್ಯಾನ್ ಬಿಸಾಡಿ.

ಯಂತ್ರದ ಮಾಪನಾಂಕ ನಿರ್ಣಯಕ್ಕೆ ಇಂಡಿಯಂ ಲೋಹ ಸಾಕು: 156.6 ಡಿಗ್ರಿಯಲ್ಲಿ ಕರಗಬೇಕು. 29.8 ಡಿಗ್ರಿಯಲ್ಲಿ ಕರಗುವ ಗ್ಯಾಲಿಯಂ ಬಳಸುವ ಆಸೆಯಾಗುತ್ತದೆ, ಆದರೆ ಅದು ಅಲ್ಯೂಮಿನಿಯಂ ಪ್ಯಾನ್ ತಿಂದುಹಾಕುತ್ತದೆ.

ನೈಟ್ರೋಜನ್ ನಿಮಿಷಕ್ಕೆ 50 ಮಿಲಿಲೀಟರ್ ಹರಿಯಲಿ. ಮೊದಲು 70 ಡಿಗ್ರಿಗೆ ಏರಿಸಿ 2 ನಿಮಿಷ ನಿಲ್ಲಿಸಿ. ಹೆಚ್ಚು ಹೊತ್ತು ನಿಲ್ಲಿಸಿದರೆ ಸ್ಫಟಿಕದ ಅಪಾಯ. ನಿಮಿಷಕ್ಕೆ 10 ಡಿಗ್ರಿಯಂತೆ 10 ಡಿಗ್ರಿಗೆ ಇಳಿಸಿ, ಅದೇ ವೇಗದಲ್ಲಿ ಮತ್ತೆ ಏರಿಸಿ. ಲೆಕ್ಕಕ್ಕೆ ಈ ಎರಡನೆಯ ಏರಿಕೆಯ ಗೆರೆಯನ್ನೇ ಹಿಡಿಯಿರಿ. ಮೆಟ್ಟಿಲ ತುದಿಯಲ್ಲಿ ಸಣ್ಣ ಉಬ್ಬು ಕಾಣುವುದು ಸಹಜ. ಇಳಿಸಿದ್ದಕ್ಕಿಂತ ವೇಗವಾಗಿ ಏರಿಸಿದರೆ ಉಬ್ಬು ದೊಡ್ಡದಾಗುತ್ತದೆ.

ಇಲ್ಲಿ ಅಳತೆ ಕೆಡಿಸುವುದು ಹೆಚ್ಚಾಗಿ ತೇವ. ಸೆಲ್, ಅಂದರೆ ಪ್ಯಾನ್ ಕೂರುವ ಯಂತ್ರದ ಗೂಡು, 10 ಡಿಗ್ರಿಯಲ್ಲಿದ್ದಾಗ ಮುಚ್ಚಳ ತೆಗೆದರೆ ಮಳೆಗಾಲದ ಗಾಳಿ ಪ್ಯಾನ್ ಮೇಲೆ ಇಬ್ಬನಿಯಾಗಿ ಕೂರುತ್ತದೆ. 0.1 ಮಿಲಿಗ್ರಾಂ ನೀರು ಆವಿಯಾಗಲು ಸುಮಾರು 240 ಮಿಲಿಜೌಲ್ ಬೇಕು; 10 ಮಿಲಿಗ್ರಾಂ ಸೆಲೆನಿಯಂ ಗಾಜು 60 ಡಿಗ್ರಿ ಬಿಸಿಯಾಗಲು ಅದಕ್ಕಿಂತ ಕಡಿಮೆ ಸಾಕು. ಕಣ್ಣಿಗೆ ಕಾಣದ ಹನಿ ಇಡೀ ಗೆರೆಯನ್ನು ನುಂಗಿಬಿಡುತ್ತದೆ. ಸೆಲ್ 30 ಡಿಗ್ರಿ ದಾಟಿದ ಮೇಲೆಯೇ ತೆರೆಯಿರಿ. ಡೆಸಿಕೇಟರ್‌ನ (ಮಾದರಿಗಳನ್ನು ಒಣದಾಗಿ ಇಡುವ ಪಾತ್ರೆ) ತೇವ ಹೀರುವ ನೀಲಿ ಸಿಲಿಕಾ ಜೆಲ್ ಗುಲಾಬಿಗೆ ತಿರುಗಿದ್ದರೆ ಓವನ್‌ನಲ್ಲಿ 120 ಡಿಗ್ರಿಗೆ ಒಣಗಿಸಿ. ಜೂನ್‌ನಲ್ಲಿ ಅದು ಮತ್ತೆ ಮತ್ತೆ ಮಾಡಬೇಕಾದ ಕೆಲಸ.

ಉಷ್ಣಧಾರಕತೆ, ಅಂದರೆ ಒಂದು ಡಿಗ್ರಿ ಏರಲು ಬೇಕಾದ ಶಾಖ, ಬೇಕಿದ್ದರೆ ಖಾಲಿ ಪ್ಯಾನ್, ಹೋಲಿಕೆಗೆ ಸಫೈರ್, ಗಾಜು ಎಂದು ಮೂರು ಸುತ್ತು. ಮೆದುವಾಗುವ ಮುನ್ನ ಗಾಜು ಹೀರುವ ಶಾಖವೆಲ್ಲ ಬಹುಪಾಲು ಪರಮಾಣುಗಳ ಕಂಪನಕ್ಕೇ ಹೋಗುತ್ತದೆ: ಪ್ರತಿ ಡಿಗ್ರಿಗೆ ಮೋಲ್‌ಗೆ 3R (R ಅನಿಲ ಸ್ಥಿರಾಂಕ), ಅಂದರೆ 24.9 ಜೌಲ್. ಸೆಲೆನಿಯಂನ ಪರಮಾಣು ತೂಕ 78.97ರಿಂದ ಭಾಗಿಸಿದರೆ ಗ್ರಾಂಗೆ 0.32 ಜೌಲ್. ನಿಮ್ಮ ಉತ್ತರ ಇದರಿಂದ ದೂರ ಸರಿದಿದ್ದರೆ ಮೊದಲು ಪ್ಯಾನ್‌ಗಳನ್ನು ತೂಗಿ ನೋಡಿ. ಅಲ್ಯೂಮಿನಿಯಂನದು ಗ್ರಾಂಗೆ 0.9, ಪ್ಯಾನ್‌ಗಳ ನಡುವೆ 1 ಮಿಲಿಗ್ರಾಂ ವ್ಯತ್ಯಾಸವಿದ್ದರೂ 10 ಮಿಲಿಗ್ರಾಂ ಗಾಜಿನ ಲೆಕ್ಕ ಕಾಲುಭಾಗಕ್ಕಿಂತ ಹೆಚ್ಚು ತಪ್ಪುತ್ತದೆ. 0.05 ಮಿಲಿಗ್ರಾಂ ಒಳಗೆ ಹೊಂದುವ ಪ್ಯಾನ್‌ಗಳನ್ನೇ ಜೋಡಿ ಮಾಡಿ.

ಇಳಿಸುವಾಗ ಕರೆಂಟ್ ಕೈಕೊಟ್ಟರೆ ಅಲ್ಲಿಂದ ಮುಂದುವರಿಸಬೇಡಿ. ಗಾಜು ಯಾವ ವೇಗದಲ್ಲಿ ತಣಿಯಿತೆಂಬ ಲೆಕ್ಕ ತಪ್ಪಿರುತ್ತದೆ. 70 ಡಿಗ್ರಿಯಿಂದ ಮತ್ತೆ ಶುರುಮಾಡಿ.