ಆಷಾಢದಲ್ಲಿ ವೀಸಾ ಇಲ್ಲದೆ ಮಲೇಷ್ಯಾ: ನಮ್ಮಿಬ್ಬರ ಅನುಭವ

ಮಂಡ್ಯದಲ್ಲಿ ನಂದು ಮದುವೆ ಫೋಟೋ, ವಿಡಿಯೋ ಕೆಲಸ. ಆಷಾಢ ಬಂತು ಅಂದ್ರೆ ಕೈ ಖಾಲಿ. 2025ರ ಆಷಾಢದಲ್ಲಿ ನಾನು ಮತ್ತು ನನ್ನ ಭಾಮೈದ ವೀಸಾ ಇಲ್ಲದೆ ಮಲೇಷ್ಯಾಗೆ ಹೋಗಿ, ಪಕ್ಕದ ಥಾಯ್ಲೆಂಡಿಗೂ ಕಾಲಿಟ್ಟು, ಏಳನೇ ದಿನ ಊರಿಗೆ ಬಂದೆವು. ಹೊರಡುವ ಮುಂಚೆ ನಕ್ಕವರು ಒಬ್ಬಿಬ್ಬರಲ್ಲ. ನಮ್ಮ ಮಾವನವರಂತೂ "ವೀಸಾ ಇಲ್ದೆ ಫಾರಿನ್ನಾ? ಟಿಕೆಟ್ ಇಲ್ದೆ ರೈಲು ಹತ್ತಿದಂಗೆ ಆಯ್ತದೆ, ಇಳಿಸ್ತಾರೆ ನೋಡ್ರಪ್ಪ" ಅಂದಿದ್ದರು.

ಅವರು ಹಾಗೆ ಅಂದಿದ್ದಕ್ಕೆ ಕಾರಣವೂ ಇತ್ತು. 2024ರಲ್ಲಿ ಒಂದು ಸಲ ನನ್ನನ್ನು ನಿಜವಾಗಿಯೂ ವಾಪಸ್ ಕಳಿಸಿದ್ದರು. ಮಲೇಷ್ಯಾ 2023ರ ಡಿಸೆಂಬರ್ 1ರಿಂದ ನಮಗೆ 30 ದಿನ ವೀಸಾ ಬೇಡ ಅಂದಿದೆ, ಅಷ್ಟು ಗೊತ್ತಿತ್ತು. ಅಷ್ಟೇ ಸಾಕು ಅಂದುಕೊಂಡು ಹೋಗುವ ಟಿಕೆಟ್ ಮಾತ್ರ ಕಡಿಮೆಗೆ ತಗೊಂಡೆ, ಬರೋದನ್ನ ಅಲ್ಲೇ ನೋಡಿಕೊಳ್ಳೋಣ ಅಂತ. ಬೆಂಗಳೂರು ಏರ್‌ಪೋರ್ಟಿನ ಕೌಂಟರಿನಲ್ಲೇ "ರಿಟರ್ನ್ ಎಲ್ಲಿ?" ಅಂದರು. ಮೊಬೈಲಿನಲ್ಲಿ ಗಾಬರಿಯಿಂದ ಹುಡುಕಿದರೆ ಆ ಹೊತ್ತಿನ ರೇಟು ನೋಡಿ ತಲೆ ತಿರುಗಿತು. ಹೋಗಿದ್ದು ಟಿಕೆಟ್ಟಿನ ಸುಮಾರು 9 ಸಾವಿರ, ಹೋಟೆಲ್ಲಿನ ಒಂದೆರಡು ಸಾವಿರ, ಮತ್ತೆ ಮರ್ಯಾದೆ. ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಡ್ಲಿ ತಿಂದು ರೈಲು ಹತ್ತಿ ಮಂಡ್ಯಕ್ಕೆ ಬಂದಾಗ ಬೀದಿಯವರೆಲ್ಲ "ಎಷ್ಟ್ ಬೇಗ ಬಂದ್ಬುಟ್ರಿ" ಅಂತ ಕೇಳಿದರು.

ಇನ್ನೊಂದು ದಂಡವೂ ಕಟ್ಟಿದ್ದೆ. ಮಲೇಷ್ಯಾಗೆ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕಲ್ವಾ, ಅದು ಪೂರ್ತಿ ಉಚಿತ. ನಾನು ಸರ್ಚ್‌ನಲ್ಲಿ ಮೊದಲು ಬಂದ ಯಾವುದೋ ಸೈಟ್ ಒತ್ತಿ ನಾಲ್ಕು ಸಾವಿರದ ಹತ್ತಿರ ಕಳೆದುಕೊಂಡೆ. ನೋಡೋಕೆ ಸರ್ಕಾರದ್ದೇ ಥರ ಇತ್ತು. ಕಾರ್ಡಿಗೆ ಯಾರಾದರೂ ದುಡ್ಡು ಕೇಳಿದರೆ ಅಲ್ಲೇ ಸೈಟ್ ಮುಚ್ಚಿ.

ಎರಡನೇ ಸಲ ಭಾಮೈದನೂ ಬರ್ತೀನಿ ಅಂದ. ಅವನದು ಆಲೆಮನೆ, ವಯಸ್ಸು ನಲವತ್ತೆರಡೋ ಮೂರೋ. ಅವನಿಗೆ ಪಾಸ್‌ಪೋರ್ಟೇ ಇರಲಿಲ್ಲ. ಮೈಸೂರಿನ ಪೋಸ್ಟ್ ಆಫೀಸ್ ಪಾಸ್‌ಪೋರ್ಟ್ ಕೇಂದ್ರದಲ್ಲಿ ಮಾಡಿಸಿದೆವು. ದೇಶದಲ್ಲಿ ಮೊದಲು ಶುರುವಾದ ಎರಡು ಇಂಥ ಕೇಂದ್ರಗಳಲ್ಲಿ ಅದೂ ಒಂದು, 2017ರದ್ದು. ಫೀಸು 1500. ಪಾಸ್‌ಪೋರ್ಟ್ ಬೇಗ ಬಂತು, ಆದರೆ ತಲೆನೋವು ಎರಡು ತಂತು. ಅವನು ಎಸ್ಸೆಸ್ಸೆಲ್ಸಿ ಫೇಲು, ಹಾಗಾಗಿ ಇಸಿಆರ್ ಸೀಲು, ಅಂದ್ರೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮುಂಚೆ ಸರ್ಕಾರದ ಅನುಮತಿ ಬೇಕು ಅನ್ನೋ ಗುರುತು. ಆ ಪಟ್ಟಿಯ 18 ದೇಶದಲ್ಲಿ ಮಲೇಷ್ಯಾನೂ ಇದೆ, ಥಾಯ್ಲೆಂಡೂ ಇದೆ. ಕೆಲಸಕ್ಕೆ ಹೋಗುವವರಿಗೆ ಮಾತ್ರ ಆ ನಿಯಮ, ಟೂರಿಗೆ ತಡೆಯಿಲ್ಲ, ಆದರೆ ಪ್ರಶ್ನೆ ಜಾಸ್ತಿ ಬರುತ್ತೆ. ಎರಡನೆಯದು ಹೆಸರು. ನಮ್ಮ ಕಡೆ ಸರ್‌ನೇಮ್ ಎಲ್ಲಿದೆ? ಅವನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು. ಏರ್‌ಲೈನಿಗೆ ಫೋನ್ ಮಾಡಿದರೆ ಟಿಕೆಟಲ್ಲಿ ಅದೇ ಹೆಸರನ್ನು ಎರಡೂ ಖಾನೆಗೆ ಹಾಕಿ ಅಂದರು, ಹಾಕಿದೆ, ಯಾರೂ ಏನೂ ಕೇಳಲಿಲ್ಲ. ದುಬೈ ಕಡೆ ಹೋಗೋರು ಹುಷಾರು, ಅಲ್ಲಿ ಒಂದೇ ಹೆಸರಿನ ಟೂರಿಸ್ಟ್‌ಗಳನ್ನ ಬಿಡಲ್ಲ ಅಂತ 2022ರಲ್ಲೇ ನಿಯಮ ಮಾಡಿದ್ದಾರೆ.

ಇಮಿಗ್ರೇಷನ್‌ನಲ್ಲಿ ನನ್ನದು ಎರಡು ನಿಮಿಷದಲ್ಲಿ ಮುಗಿಯಿತು. ಭಾಮೈದನ ಹತ್ತಿರ ಆಫೀಸರ್ ಕನ್ನಡದಲ್ಲೇ "ಯಾಕೆ ಹೋಗ್ತಿದೀರಿ?" ಅಂದರು. ಇವನು "ಕೆಲ್ಸ ಮುಗಿಸ್ಕಂಡು ಬಿರ್ನೆ ಬಂದ್ಬುಡ್ತೀನಿ ಸಾ" ಅಂದುಬಿಟ್ಟ! ಇಸಿಆರ್ ಪಾಸ್‌ಪೋರ್ಟ್ ಹಿಡ್ಕೊಂಡು 'ಕೆಲಸ' ಅನ್ನೋ ಮಾತು. ಪಕ್ಕಕ್ಕೆ ನಿಲ್ಲಿಸಿ ಇಪ್ಪತ್ತು ನಿಮಿಷ ಕೇಳಿದರು. ಉಳಿಸಿದ್ದು ನಾನು ಬಲವಂತವಾಗಿ ಫೈಲಿಗೆ ಹಾಕಿಸಿದ್ದ ಕಾಗದಗಳು: ರಿಟರ್ನ್ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತೆ ಅವನ ಜಮೀನಿನ ಪಹಣಿ. ಪಹಣಿ ಯಾಕೆ ಅಂತ ಅವನೇ ನಕ್ಕಿದ್ದ. ಎರಡೂವರೆ ಎಕರೆ ಕಬ್ಬು ಬಿಟ್ಟು ಇವನು ಅಲ್ಲಿ ಕೂಲಿಗೆ ನಿಲ್ಲಲ್ಲ ಅಂತ ಆಫೀಸರಿಗೂ ಅನ್ನಿಸಿರಬೇಕು.

ಆ ಕಡೆ ಕೌಲಾಲಂಪುರದಲ್ಲಿ ಇಳಿದಾಗ ಕ್ಯೂ ಉದ್ದ, ಪ್ರಶ್ನೆ ಕಡಿಮೆ. ಎಷ್ಟು ದಿನ, ಯಾವ ಹೋಟೆಲ್, ಸೀಲು. ಏರ್‌ಪೋರ್ಟಿನಿಂದ ಊರೊಳಕ್ಕೆ ಎಕ್ಸ್‌ಪ್ರೆಸ್ ರೈಲಿಗೆ 55 ರಿಂಗಿಟ್, ಬಸ್ಸಿಗೆ ಹದಿನೈದು ಇರಬೇಕು. ಆಗ ರಿಂಗಿಟ್ ನಮ್ಮ 20 ರೂಪಾಯಿ ಆಸುಪಾಸು. ಬಸ್ಸೇ ಹತ್ತಿದೆವು. ಬಾಟು ಗುಹೆಯ ಸುಬ್ರಹ್ಮಣ್ಯನ 272 ಮೆಟ್ಟಿಲು ಹತ್ತಿ ಭಾಮೈದ "ನಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲ ಮುಂದೆ ಇದೇನು ಭಾವ" ಅಂದ. ಅಂದವನು ಕೆಳಗಿಳಿದು ಅರ್ಧ ಗಂಟೆ ಕೂತಿದ್ದ.

ಥಾಯ್ಲೆಂಡ್ ಪ್ಲಾನಿನಲ್ಲಿ ಇರಲಿಲ್ಲ, ಸುಮ್ನೆ ಪ್ರಯೋಗ. ಕೌಲಾಲಂಪುರದಿಂದ ರೈಲಿನಲ್ಲಿ ಐದೂವರೆ ಗಂಟೆ ಕೂತರೆ ಗಡಿಯ ಪಾಡಾಂಗ್ ಬೆಸಾರ್. ಎರಡೂ ದೇಶದ ಇಮಿಗ್ರೇಷನ್ ಒಂದೇ ಸ್ಟೇಷನ್ನಿನಲ್ಲಿ. ನಾವು ಹೋದಾಗ ಥಾಯ್ಲೆಂಡಿಗೂ ನಮಗೆ ವೀಸಾ ಬೇಕಿರಲಿಲ್ಲ, 60 ದಿನದ ಸೀಲು ಕೊಡುತ್ತಿದ್ದರು. ಅವರದ್ದೂ ಆನ್‌ಲೈನ್ ಕಾರ್ಡ್ 2025ರ ಮೇ ತಿಂಗಳಿಂದ ಶುರುವಾಗಿದೆ, ರೈಲಿನಲ್ಲೇ ತುಂಬಿದೆ. ಥಾಯ್ಲೆಂಡಿನ ಹಾಟ್ ಯಾಯ್ ಊರಿನಲ್ಲಿ ಒಂದು ರಾತ್ರಿ ಉಳಿದು ವಾಪಸ್ ಬರುವಾಗ ಸಿಕ್ಕಿಬಿದ್ದೆವು. ಮಲೇಷ್ಯಾಗೆ ಪ್ರತಿ ಸಲ ಹೊಸ ಕಾರ್ಡ್ ಬೇಕು, ಮೊದಲಿನದ್ದು ನಡೆಯಲ್ಲ. ಫೋನಿನಲ್ಲಿ ನೆಟ್ ಇಲ್ಲ. ಸ್ಟೇಷನ್ನಿನಲ್ಲಿ ಒಬ್ಬ ಕಾಲೇಜು ಹುಡುಗಿಯ ಹಾಟ್‌ಸ್ಪಾಟ್ ಬೇಡಿ ಇಬ್ಬರದ್ದೂ ತುಂಬಿದೆ. ಅಷ್ಟರಲ್ಲಿ ನಮ್ಮ ರೈಲು ಹೋಗಿತ್ತು, ತಲಾ 80 ರಿಂಗಿಟ್ಟಿನ ಹತ್ತಿರ ಮತ್ತೆ ಕೊಟ್ಟೆವು.

ಕಬ್ಬಿನ ಹಾಲು ಅಲ್ಲಿ ರಸ್ತೆ ರಸ್ತೆಯಲ್ಲಿ ಸಿಗುತ್ತೆ. ಮಂಡ್ಯದವರು ಸುಮ್ಮನಿರೋಕಾಗುತ್ತಾ? ನಾಲ್ಕು ಕಡೆ ಕುಡಿದು ನೋಡಿದೆವು. ಐಸ್ ಜಾಸ್ತಿ, ಶುಂಠಿಯೂ ಇಲ್ಲ, ನಿಂಬೆಹಣ್ಣೂ ಇಲ್ಲ. ಭಾಮೈದ ಒಬ್ಬ ಅಂಗಡಿಯವನಿಗೆ ಕೈಸನ್ನೆಯಲ್ಲೇ ನಿಂಬೆಹಣ್ಣು ಹಿಂಡು ಅಂತ ಹೇಳಿಕೊಟ್ಟು ಬಂದ.

ಒಟ್ಟು ಖರ್ಚು ಇಬ್ಬರಿಗೂ ಸೇರಿ 74-75 ಸಾವಿರ, ಅದರಲ್ಲಿ ಹೋಗಿಬರೋ ವಿಮಾನದ ಟಿಕೆಟ್ ಸುಮಾರು 34. ಊರಿನಲ್ಲಿ ಪ್ಯಾಕೇಜಿನವರು ಒಬ್ಬರಿಗೇ 65 ಹೇಳಿದ್ದರು. ಟಿಕೆಟ್ ಅಷ್ಟಕ್ಕೆ ಸಿಕ್ಕಿದ್ದು ಹೇಗೆ, ಎಷ್ಟು ದಿನ ಮುಂಚೆ ತಗೊಂಡೆ ಅಂತ ಕೇಳಬೇಡಿ, ಮುಂದಿನ ಆಷಾಢಕ್ಕೆ ನಾನೂ ಹೋಗಬೇಕು. ಮೊನ್ನೆ ಮಾವನವರು ಬಂದು ನನ್ನ ಪಾಸ್‌ಪೋರ್ಟಿನ ಸೀಲುಗಳನ್ನು ಕನ್ನಡಕ ಹಾಕಿಕೊಂಡು ಒಂದೊಂದಾಗಿ ನೋಡಿದರು. ಆಮೇಲೆ ಮೆಲ್ಲಗೆ, "ಐವತ್ತು ದಾಟಿದೋರ್ಗೆ ಆ ಇಸಿಆರು ಇರಲ್ವಂತೆ, ಹೌದೇನಪ್ಪ?" ಅಂದರು.