ಸಲೀಸಾಗಿ ಸಿಕ್ಕ ಮನೆಯನ್ನು ನಾನು ನಂಬಿದ್ದು ಹೇಗೆ

ಉಣಕಲ್ ಕೆರೆ ಹತ್ತಿರದ ಈ ಮನೆಗೆ ಬಂದು 14 ತಿಂಗಳಾಯಿತು. ಎರಡು ಬೆಡ್‌ರೂಮ್, ಬಾಡಿಗೆ 9,500, ಡಿಪಾಜಿಟ್ 20 ಸಾವಿರ. ಅದೇ ಓಣಿಯಲ್ಲಿ ಉಳಿದವರು 13-14 ಸಾವಿರ ಕೊಡುತ್ತಿದ್ದರು. ಮಾಲೀಕರು ಪುಣೆಯಲ್ಲಿ ಮಗನ ಮನೆಯಲ್ಲಿರುವ ವಯಸ್ಸಾದ ಹೆಂಗಸು. ಯಾವ ಮಂದಿ, ಎಷ್ಟು ಜನ, ಮನೆಯಲ್ಲಿ ಏನು ತಿನ್ನುತ್ತೀರಿ ಅಂತ ಒಂದೂ ಪ್ರಶ್ನೆ ಕೇಳಲಿಲ್ಲ. "ಕೀಲಿ ವಾಚ್‌ಮನ್ ಕಡೆ ಐತ್ರಿ. ನೋಡ್ರಿ, ಮನಸ್ಸಿಗೆ ಬಂದ್ರ ಇರ್ರಿ" ಅಂದರು. ಹುಬ್ಬಳ್ಳಿಯಲ್ಲಿ ಮನೆ ಹುಡುಕಿದವರಿಗೆ ಗೊತ್ತು, ಇಷ್ಟು ಸಲೀಸಾಗಿ ಯಾರೂ ಕೀಲಿ ಕೊಡುವುದಿಲ್ಲ.

ನಮ್ಮ ಮನೆಯವರು "ಬ್ಯಾಡ, ಇದರಾಗ ಏನೋ ಐತಿ" ಎಂದರು. ಆಫೀಸಿನ ಗೆಳತಿ ಬೇರೆಯೇ ರಾಗ: "ಇವತ್ತೇ ರೊಕ್ಕ ಹಾಕು. ನೀ ತನಿಖಿ ಮುಗಿಸೋದ್ರಾಗ ಬ್ಯಾರೇದವ್ರು ಬಂದಿರ್ತಾರ." ಇಬ್ಬರ ಮಾತನ್ನೂ ಕೇಳಲಿಲ್ಲ. ಒಂಬತ್ತು ದಿನ ತೆಗೆದುಕೊಂಡೆ.

ಹಿಂದೆ ಸುಟ್ಟುಕೊಂಡಿದ್ದಕ್ಕೇ ಇದೆಲ್ಲ. 2019ರಲ್ಲಿ ಗೋಕುಲ ರೋಡ್ ಕಡೆ 3 ಲಕ್ಷಕ್ಕೆ ಲೀಸ್ ಹಾಕಿಕೊಂಡಿದ್ದೆವು. ಎಂಟು ತಿಂಗಳಿಗೆ ಬಾಗಿಲಿಗೆ ಬ್ಯಾಂಕಿನ ನೋಟಿಸ್ ಬಿತ್ತು. ಮನೆ ಅಡವಿಟ್ಟವರು ಕಂತು ಕಟ್ಟುವುದು ನಿಲ್ಲಿಸಿ ವರ್ಷವಾಗಿತ್ತು. ನಮ್ಮ ಕೈಯಲ್ಲಿದ್ದದ್ದು ನೋಂದಣಿ ಆಗದ ಸ್ಟಾಂಪ್ ಪೇಪರ್. ಎರಡು ವರ್ಷ ಓಡಾಡಿದ ಮೇಲೆ 1.80 ಲಕ್ಷವೋ ಏನೋ ಬಂತು, ಉಳಿದದ್ದು ಹೋಯಿತು. ಹೊಟ್ಟೆ ಉರಿದದ್ದು ಯಾಕೆ ಗೊತ್ತಾ? ನಾನು ಮೊದಲೇ ಇಸಿ, ಅಂದರೆ ಆಸ್ತಿ ಮೇಲಿನ ಋಣಭಾರ ತೋರಿಸುವ ಪತ್ರ, ತೆಗೆಸಿದ್ದೆ. ಅದರಲ್ಲಿ ಸಾಲ ಇರಲೇ ಇಲ್ಲ. ಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಎತ್ತಿದ ಸಾಲ ಇಸಿಯಲ್ಲಿ ಕಾಣದೇ ಹೋಗಬಹುದು. ಈಗ ಲೀಸ್ ಮಾತು ಬಂದರೆ ಬ್ಯಾಂಕ್ ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸಾಯಿಯಲ್ಲೂ ಹುಡುಕುತ್ತೇನೆ.

ಎರಡನೇ ಸಲ ಸಣ್ಣದು. ಸೈನ್ಯದಲ್ಲಿದ್ದೇನೆ, ವರ್ಗ ಆಗಿದೆ ಅಂದವರ ಫ್ಲ್ಯಾಟು. ಗೇಟ್ ಪಾಸಿಗೆ 2,500 ಹಾಕಿ, ವಾಪಸ್ ಬರುತ್ತದೆ ಅಂದರು. ಹಾಕಿದೆ. ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದು ಮರುದಿನ, ಅಷ್ಟರಲ್ಲಿ ದುಡ್ಡು ಖಾತೆ ದಾಟಿಹೋಗಿತ್ತು. ಮೂರನೆಯದು ಧಾರವಾಡದ ಸಪ್ತಾಪುರದಲ್ಲಿ. ಇಲ್ಲಿ ಮನೆಯೂ ಬಂಗಾರ, ಮಾಲೀಕರೂ ಬಂಗಾರ. ನಾನು ಮೊದಲ ಭೇಟಿಯಲ್ಲೇ ನಾಲ್ಕು ಕಾಗದ ಕೇಳಿದೆ. "ನಮ್ಮ ಮ್ಯಾಲೆ ನಂಬಿಕಿ ಇಲ್ಲಂದ್ರ ಬಿಡ್ರಿ ಅಕ್ಕಾರ" ಅಂದು ಆ ಹಿರಿಯರು ಎದ್ದೇಬಿಟ್ಟರು. ಆ ಮನೆ ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಅಲ್ಲಿಂದ ದಾರಿ ಬದಲಿಸಿದೆ. ಕಾಗದ ಕೊನೆಗೆ, ಮೊದಲು ಜನ. ಅಗ್ಗಕ್ಕೆ ಒಂದು ಕಾರಣ ಇರಲೇಬೇಕು. ಆ ಕಾರಣವನ್ನು ಮಾಲೀಕರು ತಾವಾಗಿ ಹೇಳಬೇಕು. ಇದರಿಂದ ಒಂದು ಪೈಸೆ ಲಾಭವಿಲ್ಲದ ಮೂರು ಮಂದಿ, ನಾನು ಸುಳಿವು ಕೊಡದೆಯೇ, ಅದೇ ಕಾರಣ ಹೇಳಬೇಕು.

ಪುಣೆಯ ಅಮ್ಮ ಹೇಳಿದ್ದು: ಮನೆ ನಾಲ್ಕನೇ ಮಾಳಿಗೆಯಲ್ಲಿದೆ, ಲಿಫ್ಟ್ ಕೆಟ್ಟಿದೆ, ಜೂನ್‌ನಿಂದ ಮನೆ ಖಾಲಿ. ನಾನು ಕೆಳಗಿನ ಇಸ್ತ್ರಿ ಅಂಗಡಿಗೆ ಎರಡು ಸೀರೆ ಕೊಟ್ಟು ಸುಮ್ನೆ ನಿಂತೆ. "ಮ್ಯಾಲಿನ ಮನಿ ಯಾಕ ಖಾಲಿ ಉಳದೈತ್ರಿ?" ಅಂತಷ್ಟೇ ಕೇಳಿದೆ. ಇಸ್ತ್ರಿ ಪೆಟ್ಟಿಗೆ ಎತ್ತದೆಯೇ ಹೇಳಿದರು: "ಲಿಫ್ಟ್ ಬಂದಾಗಿ ವರ್ಷಾತ್ರಿ ಅಕ್ಕಾರ. ರಿಪೇರಿ ರೊಕ್ಕಕ್ಕ ಇವರವರಾಗ ಜಗಳ. ನಾಕನೇ ಮಾಳಗಿ ಯಾರ್ ಹತ್ತತಾರ?" ಒಬ್ಬರಾಯಿತು. ಕಿರಾಣಿ ಅಂಗಡಿಯವರು ಎರಡು, ಎರಡನೇ ಮಾಳಿಗೆಯ ಬಾಡಿಗೆದಾರರು ಮೂರು. ವಾಚ್‌ಮನ್ ಮಾತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಮನೆ ಹೋದರೆ ಅವರಿಗೂ ಏನಾದರೂ ಸಿಗುತ್ತದೆ.

ಮನೆಯೊಳಗೆ ಹೋದಾಗ ಅಡುಗೆಮನೆ ಗೋಡೆಗೆ ಕ್ಯಾಲೆಂಡರ್ ಹಾಗೇ ತೂಗುತ್ತಿತ್ತು. ಜೂನ್ ತಿಂಗಳ ಹಾಳೆ. ಹಾಲಿನ ಲೆಕ್ಕ ಪೆನ್ಸಿಲಿನಲ್ಲಿ ಗೀಚಿದ್ದು 22ರವರೆಗೆ, ಆಮೇಲೆ ಖಾಲಿ. ಕೆಳಗಿನ ಮೀಟರ್ ಬೋರ್ಡಿನಲ್ಲಿ ಸಿಕ್ಕಿಸಿದ್ದ ಹೆಸ್ಕಾಂ ಬಿಲ್ಲುಗಳನ್ನು ತೆಗೆದು ನೋಡಿದೆ. ಜೂನ್‌ವರೆಗೆ 90-100 ಯೂನಿಟ್, ಜುಲೈನಿಂದ ಎರಡು, ಒಂದು, ಸೊನ್ನೆ. ಬಿಲ್ಲಿನ ಮೇಲೆ ಆ ಅಮ್ಮನದೇ ಹೆಸರು. ಗೃಹಜ್ಯೋತಿ ಮಾತ್ರ ಹಳೇ ಬಾಡಿಗೆದಾರರ ಆಧಾರ್‌ಗೆ ಜೋಡಿಸಿಯೇ ಇತ್ತು, ಆಮೇಲೆ ಬಿಡಿಸಬೇಕಾಯಿತು. ಆ ತಲೆನೋವು ನನಗೆ ಸಮಾಧಾನವನ್ನೇ ತಂದಿತು. ಒಬ್ಬರು ನಿಜವಾಗಿಯೂ ಇಲ್ಲಿ ಬಾಡಿಗೆಗೆ ಇದ್ದು ಹೋಗಿದ್ದಾರೆ ಅಂತಾಯಿತು.

ದುಡ್ಡಿನ ವಿಷಯಕ್ಕೆ ಮೊದಲು 1 ರೂಪಾಯಿ ಕಳಿಸಿದೆ. ನಾವು ಸೇವ್ ಮಾಡಿಕೊಂಡ ಹೆಸರನ್ನು ಬಿಟ್ಟು ಬ್ಯಾಂಕಿನಲ್ಲಿರುವ ಹೆಸರು ಏನು ತೋರಿಸುತ್ತದೆ ನೋಡಬೇಕು. ಪಾಲಿಕೆಯ ತೆರಿಗೆ ರಸೀದಿಯಲ್ಲಿದ್ದ ಹೆಸರೇ ಬಂತು. ರಸೀದಿ ಕೇಳಿದ್ದು ಎಂಟನೇ ದಿನ, ಆಗ ಅವರು ಬೇಜಾರಿಲ್ಲದೆ ಕಳಿಸಿದರು.

ನಡುವೆ ಒಂದು ಬೇರೆ ಪ್ರಯೋಗವನ್ನೂ ಮಾಡಿದೆ. "ಡಿಪಾಜಿಟ್ ಕೊಡಲು ಹದಿನೈದು ದಿನ ಆಗುತ್ತದೆ" ಅಂದು ಸುಮ್ಮನಾದೆ. ಮೋಸಗಾರರಾದರೆ ಸಂಜೆಯೊಳಗೆ ನಾಲ್ಕು ಫೋನ್ ಬರುತ್ತವೆ, ಬೇರೆ ಪಾರ್ಟಿ ರೆಡಿ ಇದೆ ಅನ್ನುತ್ತಾರೆ. ಈ ಅಮ್ಮ ಮೂರು ದಿನ ಬಿಟ್ಟು ಫೋನ್ ಮಾಡಿದರು, ಅದೂ ನಳದ ನೀರು ಯಾವ ದಿನ ಬರುತ್ತದೆ ಅಂತ ಹೇಳಲು. ನೀರು ಬಿಡುವ ದಿನ ಬೆಳಿಗ್ಗೆ ಹೋಗಿ ಸಂಪ್ ತುಂಬುವುದನ್ನು ನೋಡಿಬಂದೆ. ಇದಕ್ಕೂ ಮೋಸಕ್ಕೂ ಸಂಬಂಧವಿಲ್ಲ, ಆದರೆ ಐದಾರು ದಿನಕ್ಕೊಮ್ಮೆ ನೀರು ಕಾಣುವ ಊರಿನಲ್ಲಿ ನೋಡದೆ ಇರಲಾಗುತ್ತದಾ?

ಮಾಲೀಕರಿಗೆ ನಾನು ಕೇಳುವ ಒಂದು ಪ್ರಶ್ನೆ ಇದೆ, ಹಳೇ ಬಾಡಿಗೆದಾರರ ಬಗ್ಗೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದಕ್ಕೂ ಉತ್ತರ ಕಂಠಪಾಠ ಮಾಡಿಕೊಳ್ಳುವವರಿದ್ದಾರೆ. ಗುರುತಿನವರು ಬಂದು ಕೇಳಿದರೆ ಹೇಳುತ್ತೇನೆ.

ಒಟ್ಟು ಖರ್ಚು ಇಸ್ತ್ರಿ, ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು, ಇಸಿ ಎಲ್ಲ ಸೇರಿ 600 ದಾಟಿಲ್ಲ. ಬಾಡಿಗೆಯಲ್ಲಿ ಇಲ್ಲಿಯವರೆಗೆ ಉಳಿದದ್ದು ಹತ್ತಿರ ಹತ್ತಿರ 50 ಸಾವಿರ. ಲಿಫ್ಟ್ ಕಳೆದ ದೀಪಾವಳಿಗೆ ರಿಪೇರಿ ಆಯಿತು, ಬಾಡಿಗೆ ಏರಿಸಲಿಲ್ಲ.

ಇವತ್ತೇ ರೊಕ್ಕ ಹಾಕು ಅಂದಿದ್ದ ಗೆಳತಿಗೆ ಈಗ ಕೇಶ್ವಾಪುರದಲ್ಲಿ ಒಂದು ಫ್ಲ್ಯಾಟ್ ಸಿಕ್ಕಿದೆ, 10 ಸಾವಿರಕ್ಕೆ, ಅದೂ ಸಲೀಸಾಗಿ. "ನೀನೂ ಬಾ" ಅಂದಿದ್ದಾಳೆ. ಭಾನುವಾರ ಅಲ್ಲಿ ನೀರು ಬಿಡುವ ದಿನ. ಬೆಳಿಗ್ಗೆ ಆರಕ್ಕೇ ಹೊರಡುತ್ತೇವೆ, ಇಸ್ತ್ರಿಗೆ ಎರಡು ಸೀರೆ ತೆಗೆದಿಟ್ಟಿದ್ದೇನೆ.