ಒಂದು ಕೊಳ, ಒಂದು ಮಿಂಚುಳ್ಳಿ: ಚಿಕ್ಕ ಲೆನ್ಸಿನಿಂದ ನನಗೆ ದಕ್ಕಿದ್ದು

600 ಎಂ.ಎಂ. ಲೆನ್ಸನ್ನು ಮಾರಿ, 300 ಎಂ.ಎಂ. ಲೆನ್ಸೊಂದನ್ನು ಇಟ್ಟುಕೊಂಡು ಒಂದೇ ಕೊಳದ ದಡದಲ್ಲಿ ಕೂರುತ್ತೇನೆ ಎಂದಾಗ ಜೊತೆಗೆ ಚಿತ್ರ ತೆಗೆಯುವ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಹಕ್ಕಿಗೆ ಉದ್ದದ ಲೆನ್ಸೇ ಬೇಕು, ಒಂದೇ ಜಾಗದಲ್ಲಿ ಕೂತವನಿಗೆ ಒಂದೇ ಬಗೆಯ ಚಿತ್ರ ಸಿಗುತ್ತದೆ, ಆರು ತಿಂಗಳಲ್ಲಿ ಬೇಸರ ಬಂದು ಕ್ಯಾಮೆರಾವನ್ನೂ ಮಾರುತ್ತಾನೆ ಎಂಬುದು ಅವರ ಮಾತಿನ ಸಾರವಾಗಿತ್ತು. ಈಗ ಮೂರನೆಯ ವರ್ಷ ನಡೆಯುತ್ತಿದೆ. ಮೀನನ್ನು ಕಚ್ಚಿಕೊಂಡು ನೀರಿನಿಂದ ಮೇಲೇಳುವ ಮಿಂಚುಳ್ಳಿಯ ಚಿತ್ರ, ಸ್ವಲ್ಪವೂ ಕ್ರಾಪ್ ಮಾಡದೆ (ಅಂಚು ಕತ್ತರಿಸದೆ) ಚೌಕಟ್ಟಿನ ಅರ್ಧ ಅಗಲವನ್ನು ತುಂಬಿ ನಿಂತದ್ದು, ನನ್ನ ಬಳಿ ಇದೆ. ಅಂದು ಬೇಡವೆಂದು ತಲೆಯಾಡಿಸಿದವರಲ್ಲಿ ಇಬ್ಬರು ಈಗ ನನ್ನ ಹೈಡಿನ, ಅಂದರೆ ಹಕ್ಕಿಗೆ ಕಾಣದಂತೆ ನಾನು ಅಡಗಿ ಕೂರುವ ಮರೆಯ, ಅಳತೆ ಕೇಳುತ್ತಿದ್ದಾರೆ. ಆದರೆ ನಾನು ಲಾಭವೆಂದು ಎಣಿಸುವುದು ಆ ಚಿತ್ರವನ್ನಲ್ಲ. ಅದಕ್ಕಾಗಿ ಕಾಯುತ್ತಿದ್ದಾಗ ಕಣ್ಣಿಗೆ ಬಂದ ಪಳಗುವಿಕೆಯನ್ನು.

ಮೊದಲು ಹಣದ ವಿಚಾರ. ದೊಡ್ಡ ಲೆನ್ಸ್ ಇದ್ದಷ್ಟು ಕಾಲ ಅದಕ್ಕೆ ತಕ್ಕ ಗಿಂಬಲ್ (ಭಾರದ ಲೆನ್ಸನ್ನು ಸಲೀಸಾಗಿ ತಿರುಗಿಸುವ ಹಿಡಿಕೆ), ಅದರ ತೂಕ ಹೊರುವ ಟ್ರೈಪಾಡ್, ಅದು ಸಾರ್ಥಕವಾಗಬೇಕೆಂದು ದೂರದ ಪ್ರಯಾಣ, ಪ್ರಯಾಣಕ್ಕೆ ವಸತಿ ಎಂದು ಖರ್ಚಿಗೆ ಖರ್ಚು ಸೇರಿ ವರ್ಷದ ಉಳಿತಾಯವೆಲ್ಲ ಅದಕ್ಕೇ ಹೋಗುತ್ತಿತ್ತು. ಮಾರಿದಾಗ ಕೊಂಡ ಬೆಲೆಯ ಅರ್ಧಕ್ಕಿಂತ ತುಸು ಹೆಚ್ಚು ಬಂತು. ಅದರಲ್ಲಿ ಐದನೆಯ ಒಂದು ಪಾಲು ಬೇರೊಬ್ಬರು ಬಳಸಿ ಬಿಟ್ಟ 300 ಎಂ.ಎಂ. ಎಫ್/4 ಲೆನ್ಸಿಗೆ (ಎಫ್ ಎಂಬುದು ಬೆಳಕು ಒಳಬಿಡುವ ಕಂಡಿಯ ಅಳತೆ) ಸಾಕಾಯಿತು. ಉಳಿದದ್ದರ ಬಲದ ಮೇಲೆ ವಾರಕ್ಕೆ ಎರಡು ಬೆಳಗುಗಳನ್ನು ಕೆಲಸದಿಂದ ಬಿಡಿಸಿಕೊಂಡೆ. ನನ್ನ ಲೆಕ್ಕದಲ್ಲಿ ಗಾಜಿಗಿಂತ ಆ ಬೆಳಗುಗಳೇ ಒಳ್ಳೆಯ ಖರೀದಿ. ಚಿತ್ರ ಮಾರಿ ಬಂದ ಹಣವನ್ನು ಕೇಳುವವರಿಗೆ ಹೇಳುವುದಾದರೆ, ಅದು ಬ್ಯಾಟರಿ ಮತ್ತು ಮೆಮೊರಿ ಕಾರ್ಡಿನ ಖರ್ಚನ್ನೂ ಪೂರ್ತಿಯಾಗಿ ತುಂಬಿಲ್ಲ.

ಮೊದಲ ಕೆಲವು ತಿಂಗಳು ಏನೂ ಕೈಗೆ ಹತ್ತಲಿಲ್ಲ. ಮಾರುಕಟ್ಟೆಯಿಂದ ತಂದ ಬಟ್ಟೆಯ ಹೈಡ್ ಗಾಳಿಗೆ ಪಟಪಟ ಹೊಡೆದುಕೊಂಡು ಹಕ್ಕಿಯನ್ನು ಹತ್ತಿರ ಬಿಡಲಿಲ್ಲ. ಹಲಗೆಯ ಹೈಡ್ ಕಟ್ಟಿ, ಅದನ್ನು ದೂರದಲ್ಲಿ ನಿಲ್ಲಿಸಿ, ನಾಲ್ಕೈದು ದಿನಕ್ಕೊಮ್ಮೆ ಎರಡು ಹೆಜ್ಜೆಯಷ್ಟು ಮುಂದೆ ಸರಿಸುತ್ತ ಬಂದ ಮೇಲೆ ಮಿಂಚುಳ್ಳಿ ಅದರ ನೆತ್ತಿಯ ಮೇಲೆಯೇ ಕೂರಲಾರಂಭಿಸಿತು, ಆಗ ಲೆನ್ಸಿನ ಮುಂದೆ ಕೂರಲಿಲ್ಲ ಎಂಬುದು ಬೇರೆ ಮಾತು. ನೂರು ವರ್ಷಗಳ ಹಿಂದೆಯೇ ಬ್ರಿಟನ್ನಿನ ಕೀಯರ್ಟನ್ ಸಹೋದರರು ಟೊಳ್ಳು ಎತ್ತಿನ ಬೊಂಬೆಯೊಳಗೆ ಅಡಗಿ ಹಕ್ಕಿಗಳ ಚಿತ್ರ ತೆಗೆದಿದ್ದರು. ಹಲಗೆಯ ಪೆಟ್ಟಿಗೆಯೊಳಗೆ ಮಂಡಿ ಮಡಚಿ ಕೂತವನಿಗೆ ಅವರ ಬಗ್ಗೆ ಗೌರವ ಇಮ್ಮಡಿಯಾಗುತ್ತದೆ.

ನಿಜವಾದ ತೊಡಕು ಫೋಕಸಿನದು. ನಾಲ್ಕು ಮೀಟರ್ ದೂರದಲ್ಲಿ ಎಫ್/5.6 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಆರು ಸೆಂಟಿಮೀಟರಿನ ಆಸುಪಾಸು. ಹಕ್ಕಿಯೋ ಹದಿನಾರು ಸೆಂಟಿಮೀಟರ್ ಉದ್ದದ್ದು, ಅದು ನೀರಿಗೆ ಬಿದ್ದು ಏಳುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಆಟೋಫೋಕಸ್ ನೀರಿನ ಹನಿಗಳನ್ನೇ ಹಿಡಿಯುತ್ತಿತ್ತು. ಎರಡು ಸಾವಿರ ಚಿತ್ರಗಳಿಗೆ ನಾಲ್ಕೋ ಐದೋ ಉಳಿಸಿಕೊಳ್ಳುವಂತಿದ್ದವು. ಕೈಯಿಂದ ಫೋಕಸ್ ಕಟ್ಟಿಟ್ಟು, ಶಟರಿನ ವೇಗವನ್ನು ಸೆಕೆಂಡಿನ 1/3200ಕ್ಕೆ ಏರಿಸಿ, ಹಕ್ಕಿ ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲೇ ಊಹಿಸುವುದಲ್ಲದೆ ಬೇರೆ ದಾರಿ ಇರಲಿಲ್ಲ. ಊಹಿಸಬೇಕಾದರೆ ಹಕ್ಕಿಯನ್ನು ನೋಡಬೇಕಿತ್ತು.

ಹಾಗೆ ಕ್ಯಾಮೆರಾ ಬಿಟ್ಟು ನೋಡತೊಡಗಿದ ಮೇಲೆ ಎಲ್ಲವೂ ಬದಲಾಯಿತು. ಕೊಂಬೆಯ ಮೇಲೆ ಕೂತ ಮಿಂಚುಳ್ಳಿ ನೀರಿನತ್ತ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ. ಆ ಆಟ ಥಟ್ಟನೆ ನಿಂತು, ಮೈಯ ಗರಿಗಳು ಅಂಟಿಕೊಂಡು ದೇಹ ಸಪೂರವಾದರೆ ಅದು ಧುಮುಕುವುದು ಖಚಿತ. ಸುಮ್ಮನೆ ಹಾರಿಹೋಗುವುದಾದರೆ ಹೆಚ್ಚಿನ ಸಲ ಮೊದಲು ಹಿಕ್ಕೆ ಹಾಕುತ್ತದೆ. ಹಿಡಿದ ಮೀನನ್ನು ಕೊಂಬೆಗೆ ಬಡಿದು, ತಾನೇ ತಿನ್ನುವುದಾದರೆ ತಲೆಯ ಕಡೆಯಿಂದ ನುಂಗುತ್ತದೆ. ಮೀನಿನ ತಲೆ ಕೊಕ್ಕಿನಿಂದ ಹೊರಮುಖವಾಗಿದ್ದರೆ ಅದು ಸಂಗಾತಿಗೋ ಮರಿಗಳಿಗೋ ಮೀಸಲು. ಈ ಜಾತಿಯಲ್ಲಿ ಕೊಕ್ಕಿನ ಕೆಳದಳ ಕೆಂಪಾಗಿರುವುದು ಹೆಣ್ಣು. ಪುಸ್ತಕದಲ್ಲಿ ಓದಿದ ಸಂಗತಿಗಳೇ ಇವು, ಆದರೆ ಕಣ್ಣೆದುರು ನಡೆದಾಗ ಅವು ಬೆರಳಿಗೆ ಇಳಿಯುತ್ತವೆ. ಮೀನಿನ ತಲೆ ಹೊರಮುಖವಾಗಿದ್ದ ದಿನಗಳಲ್ಲಿ ನಾನು ಗೂಡಿನ ಬಿಲವಿರುವ ದಡದ ಕಡೆಗೆ ಹೋಗಿಲ್ಲ. ಅದೇ ಹಕ್ಕಿ ಮತ್ತೆ ಅದೇ ಕೊಂಬೆಗೆ ಬಂದೇ ಬರುತ್ತದೆ ಎಂಬ ಭರವಸೆ ಅಷ್ಟರಲ್ಲಿ ಬಂದಿತ್ತು. ಈಗ ಇನ್ನೂರು ಚಿತ್ರಗಳಲ್ಲಿ ಹತ್ತಾದರೂ ಒಳ್ಳೆಯವಿರುತ್ತವೆ.

ನಡುವೆ ಒಂದಷ್ಟು ಪ್ರಯೋಗಗಳನ್ನೂ ಮಾಡಿದೆ. ಎಲೆಕ್ಟ್ರಾನಿಕ್ ಶಟರ್ ಸದ್ದಿಲ್ಲದೆ ಕೆಲಸ ಮಾಡಿತು, ಆದರೆ ಚಿತ್ರವನ್ನು ಸಾಲು ಸಾಲಾಗಿ ನಿಧಾನಕ್ಕೆ ಓದುವ ನನ್ನ ಹಳೆಯ ಸೆನ್ಸರಿನಲ್ಲಿ ಬಡಿಯುವ ರೆಕ್ಕೆ ಸೊಟ್ಟಗೆ ಬಾಗಿ ಬಂತು. ನೀರಿನ ಮೇಲೆ ಇನ್ಫ್ರಾರೆಡ್ ಕಿರಣ ಹಾಯಿಸಿ, ಎರಡು ಫ್ಲ್ಯಾಷುಗಳನ್ನು 1/16ರ ಶಕ್ತಿಗೆ ಇಳಿಸಿ, ಹಕ್ಕಿ ಕಿರಣ ಕಡಿದಾಗ ತಾನಾಗಿ ಚಿತ್ರ ಬೀಳುವಂತೆ ಮಾಡಿದೆ; ಶಕ್ತಿ ಇಳಿಸಿದಷ್ಟೂ ಫ್ಲ್ಯಾಷಿನ ಬೆಳಕು ಕ್ಷಣಿಕವಾಗುವುದರಿಂದ ಪ್ರತಿ ಹನಿಯೂ ಗಾಜಿನ ಮಣಿಯಂತೆ ನಿಂತಿತು. ತಾಂತ್ರಿಕವಾಗಿ ನನ್ನ ಅತ್ಯುತ್ತಮ ಚಿತ್ರ ಅದೇ ಇರಬಹುದು. ಆದರೆ ಅದು ಬಿದ್ದಾಗ ನಾನು ಬೇರೆತ್ತಲೋ ನೋಡುತ್ತಿದ್ದೆ. ಅದನ್ನು ತೆರೆದಾಗಲೆಲ್ಲ ಬೇರೆಯವರ ಚಿತ್ರ ನೋಡಿದಂತಾಗುತ್ತದೆ. ಕಿರಣದ ಸಾಮಗ್ರಿಯನ್ನು ಅರ್ಧ ಬೆಲೆಗೆ ಕೊಟ್ಟುಬಿಟ್ಟೆ.

ಕಾಯುವ ಹೊತ್ತಿನ ಇನ್ನೊಂದು ಫಲವನ್ನೂ ಹೇಳಬೇಕು. ಹಕ್ಕಿ ಬಾರದ ಒಂದು ಮುಂಜಾವಿನಲ್ಲಿ ಜೊಂಡಿನ ಕಡ್ಡಿ ಹಿಡಿದಿದ್ದ ಏರೋಪ್ಲೇನ್ ಚಿಟ್ಟೆಯ ಮರಿಹುಳುವಿನ ಬೆನ್ನು ಬಿರಿದು, ಒಳಗಿನಿಂದ ಮಸುಕಾದ ಮೈಯೊಂದು ಹೊರಬಂದು, ಸುಕ್ಕಾದ ರೆಕ್ಕೆಗಳು ಬಿಚ್ಚಿಕೊಂಡದ್ದನ್ನು ಒಂದು ಗಂಟೆಗೂ ಹೆಚ್ಚು ಹೊತ್ತು ನೋಡಿದೆ. ಓಡಾಡುತ್ತ ಚಿತ್ರ ತೆಗೆಯುತ್ತಿದ್ದ ವರ್ಷಗಳಲ್ಲಿ ಅಂಥ ಕಡ್ಡಿಗಳನ್ನು ಎಷ್ಟು ದಾಟಿ ಹೋಗಿದ್ದೇನೋ.

ಹಕ್ಕಿ ಬಂದು ಕೂರಲೆಂದು ನಾನು ಕೊಂಬೆ ನೆಡುವ ಬಗ್ಗೆ ಹಲವರು ಕೇಳುತ್ತಾರೆ. ಹೆಬ್ಬೆರಳಿನ ದಪ್ಪದ ಒಣಗಿದ ಕೊಂಬೆ, ನೀರಿನಿಂದ ಒಂದೂವರೆ ಮೀಟರಿನಷ್ಟು ಎತ್ತರ, ಹಿನ್ನೆಲೆ ಕನಿಷ್ಠ ಹತ್ತು ಮೀಟರ್ ಹಿಂದೆ ಇರಲಿ; ಇಷ್ಟು ಧಾರಾಳವಾಗಿ ಹೇಳಬಲ್ಲೆ. ಹಕ್ಕಿ ಪ್ರತಿ ಸಲವೂ ಲೆನ್ಸಿನ ಮುಂದೆ ಅಡ್ಡಲಾಗಿಯೇ ಧುಮುಕುವಂತೆ ಎರಡನೆಯ ಕೊಂಬೆಯನ್ನು ಎಲ್ಲಿ ನೆಡುತ್ತೇನೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.